ಹೆಸರ ಕುಂದಾಣಿಯನ್ನು ಹುಡುಕುತ್ತ

(ನಮ್ಮ ಸಂಘದ ವಾರ್ಷಿಕೋತ್ಸವದಂದು ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ವರದಿಯ ವಾಚನ ಮುಗಿಯಿತು. ಪರೀಕ್ಷೆಯ ಫಲಿತಾಂಶಗಳನ್ನೂ ಆಟೋಟಗಳ ಬಹುಮಾನಗಳ ಪಟ್ಟಿಯನ್ನೂ ತಾವು ತಾಳ್ಮೆಯಿಂದ ಕೇಳಿದ್ದೀರಿ. ನಾಟಕದ ಹುಡುಗರು ಬಣ್ಣ ಹಚ್ಚಿಕೊಳ್ಳುವುದಕ್ಕೆ ಇನ್ನೂ ಸ್ವಲ್ಪ ಹೊತ್ತು ಹಿಡಿಯುವುದೆಂದು ತಿಳಿದುಬಂದಿರುವುದರಿಂದ, ಈ ವಿರಾಮವನ್ನು ಉಪಯೋಗಿಸಿಕೊಂಡು ಒಂದು ಊರಿನ ವಿಚಾರವನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳಬೇಕೆಂದು ಬಯಸಿದ್ದೇವೆ. ಆ ಊರು ಈಗಿಲ್ಲ. ಏಳು ನೂರು ವರ್ಷಗಳ ಹಿಂದೆ ಅದು ಒಂದು ರಾಜಧಾನಿಯಾಗಿತ್ತು. ಇಂದು ಅದರ ಮೇಲೆ ಜಾಲಿಯೂ ಬಂದರೆಯ ಗಿಡವೂ ಬೆಳೆದಿವೆ, ಆಡುಗಳು ಮೇಯುತ್ತಿವೆ.

ಈ ವಿಷಯವನ್ನೇ ಆರಿಸಿಕೊಳ್ಳಲು ಒಂದು ಕಾರಣವುಂಟು. ಕಳೆದ ವರ್ಷ ಎಂಟು ಮತ್ತು ಒಂಬತ್ತನೆಯ ತರಗತಿಯ ಮಕ್ಕಳನ್ನು ಆ ಸ್ಥಳಕ್ಕೆ ಕರೆದೊಯ್ಯುವುದಾಗಿ ತಿಳಿಸಿದಾಗ, ಪೋಷಕರೊಬ್ಬರು ನಮ್ಮ ಕೊಠಡಿಗೆ ಬಂದು, ಅತ್ಯಂತ ವಿನಯದಿಂದಲೇ, "ಮೇಷ್ಟ್ರೇ, ಬೇಲೂರು ಹಳೇಬೀಡಾದರೆ ಸರಿ. ಕಾಡಿನಲ್ಲಿ ಬಿದ್ದಿರೋ ಹಾಳೂರು ತೋರಿಸಿದರೆ ಹುಡುಗನಿಗೆ ಏನು ಬಂತು?" ಎಂದು ಕೇಳಿದರು. ಆಗ ನಾವು ಕೊಟ್ಟ ಉತ್ತರ ನಮಗೇ ತೃಪ್ತಿಯಾಗಲಿಲ್ಲ. ಅವರು ಇಂದು ಈ ಸಭೆಯಲ್ಲಿದ್ದಾರೆ. ಅವರಿಗೆ ಸಲ್ಲಬೇಕಾದ ಉತ್ತರವನ್ನು ಸಾವಕಾಶವಾಗಿ ಹೇಳಲು ಇದೊಂದು ಅವಕಾಶ.

ವಿಷಯವು ಹೊರಟದ್ದು ತರಗತಿಯಲ್ಲಿ. ಹೊಯ್ಸಳರ ಪಾಠವನ್ನು ಮುಗಿಸಿ, ಅವರ ರಾಜಧಾನಿಗಳು ಯಾವುವೆಂದು ಪ್ರಶ್ನಿಸಿದೆವು. ಬೇಲೂರು ಎಂದರು, ದೋರಸಮುದ್ರವೆಂದರು. ಜಾಣನೊಬ್ಬನು ಶ್ರೀರಂಗದ ಬಳಿಯ ಕಣ್ಣನೂರನ್ನೂ ಹೇಳಿದನು. ಹಿಂದಿನ ಬೆಂಚಿನಿಂದ ವೇಪನಹಳ್ಳಿಯ ಕಡೆಯ ಹುಡುಗನೊಬ್ಬನು, ಪರೀಕ್ಷೆಯಲ್ಲಿ ಎಂದೂ ಮುಂದೆ ಬಂದವನಲ್ಲ, ಎದ್ದು ನಿಂತು, "ನಮ್ಮ ಅಜ್ಜಿ ಊರಿನ ಹತ್ತಿರ ಕುಂದಾಣಿ ಅಂತ ಐತೆ ಸಾರ್, ಅಲ್ಲಿ ರಾಜ ಇದ್ದನಂತೆ" ಎಂದನು. ತರಗತಿಯೆಲ್ಲ ನಕ್ಕಿತು. ಇಪ್ಪತ್ತು ವರ್ಷಗಳಿಂದ ಚರಿತ್ರೆಯನ್ನು ಬೋಧಿಸುತ್ತಿದ್ದ ನಾವೂ ಸ್ವಲ್ಪ ನಕ್ಕೆವೆಂದು ಒಪ್ಪಿಕೊಳ್ಳಬೇಕಾಗಿದೆ. ಆ ರಾತ್ರಿ ಮನೆಯಲ್ಲಿ ಪುಸ್ತಕಗಳನ್ನು ತೆಗೆದು ನೋಡಿದಾಗ, ಸರಿಯಾದ ಉತ್ತರ ಕೊಟ್ಟಿದ್ದವನು ಅವನು, ನಕ್ಕವರು ನಾವು ಎಂಬುದು ತಿಳಿಯಿತು. ಮರುದಿನ ತರಗತಿಯಲ್ಲಿ ಅದನ್ನು ಹೇಳಿದೆವು.

ಇನ್ನು ಕಥೆಯ ಸಂಗತಿ. ಹೊಯ್ಸಳ ಸೋಮೇಶ್ವರನು ತನ್ನ ವಿಸ್ತಾರವಾದ ರಾಜ್ಯವನ್ನು ೧೨೫೪ರ ಸುಮಾರಿಗೆ ಇಬ್ಬರು ಮಕ್ಕಳಿಗೆ ಪಾಲು ಮಾಡಿದನು. ಮೂರನೆಯ ನರಸಿಂಹನಿಗೆ ದೋರಸಮುದ್ರವೂ ಕನ್ನಡ ಸೀಮೆಯ ಬಹುಭಾಗವೂ, ರಾಮನಾಥನಿಗೆ ಕಣ್ಣನೂರೂ ತಮಿಳು ಸೀಮೆಯೂ ಅದರೊಡನೆ ಕೋಲಾರದ ಕಡೆಯೂ ದೊರೆತುವು. ಪಾಲಿನಿಂದ ಶಾಂತಿಯುಂಟಾಗಲಿಲ್ಲ. ೧೨೬೨ರ ಸುಮಾರಿಗೆ ಸೋಮೇಶ್ವರನೇ ಪಾಂಡ್ಯ ಜಟಾವರ್ಮ ಸುಂದರನೊಡನೆ ಹೋರಾಡಿ ಮಡಿದನು. ೧೨೭೯ರ ಸುಮಾರಿಗೆ ಪಾಂಡ್ಯ ಮಾರವರ್ಮ ಕುಲಶೇಖರನು ರಾಮನಾಥನನ್ನು ಸೋಲಿಸಿದ ಮೇಲೆ ಕಾವೇರಿಯ ತೀರದ ಕಣ್ಣನೂರು ಕೈಬಿಟ್ಟುಹೋಯಿತು. ನೆಲೆ ತಪ್ಪಿದ ಅರಸನು ಉತ್ತರಕ್ಕೆ ಸರಿದು, ನಮ್ಮ ಈ ಗುಡ್ಡಗಾಡಿನ ಸೀಮೆಯಲ್ಲಿ ನೆಲೆನಿಂತನು. ಹಾಗೆ ನಿಂತ ಸ್ಥಳವೇ ಕುಂದಾಣಿ. ಅಲ್ಲಿಂದ ಅವನು ಕೋಲಾರ, ಬೆಂಗಳೂರುಗಳ ಕಡೆಯನ್ನು ಆಳಿದನು. ಅಣ್ಣತಮ್ಮಂದಿರ ಕಲಹವೂ ಮುಂದುವರಿಯಿತು. ಆ ಕಲಹದಲ್ಲಿ ಯಾರಿಗೆ ಏನು ಲಾಭವಾಯಿತೆಂಬುದನ್ನು ಪಾಲುಪಟ್ಟಿಯ ವ್ಯಾಜ್ಯಗಳನ್ನು ಕಂಡಿರುವ ಹಿರಿಯರಿಗೆ ನಾವು ವಿವರಿಸಬೇಕಾಗಿಲ್ಲ. ೧೨೯೫ರಲ್ಲಿ ರಾಮನಾಥನು ಕಾಲವಾದನು. ಅವನ ಮಗ ವಿಶ್ವನಾಥನು ಕೆಲವೇ ವರ್ಷ ಆಳಿದನು. ೧೩೦೦ರ ಹೊತ್ತಿಗೆ ನರಸಿಂಹನ ಮಗ ಮೂರನೆಯ ಬಲ್ಲಾಳನು ಎರಡು ಪಾಲುಗಳನ್ನೂ ಮತ್ತೆ ಒಂದುಗೂಡಿಸಿದನು.

ಈ ಒಂದುಗೂಡಿಸುವಿಕೆಯ ಕುರುಹು ೧೩೦೧ರ ಒಂದು ರಾಜಾಜ್ಞೆ. ಮಠಗಳ ಮತ್ತು ದೇವಸ್ಥಾನಗಳ ಮುಖ್ಯಸ್ಥರನ್ನು ಉದ್ದೇಶಿಸಿ, ದೇವರ ಆಸ್ತಿಗಳ ಮೇಲಿನ ತೆರಿಗೆಗಳನ್ನು ಬಲ್ಲಾಳನು ಬಿಟ್ಟುಕೊಟ್ಟನು. ಒಂದೇ ಆಜ್ಞೆಯು ಅನೇಕ ಊರುಗಳ ದೇವಾಲಯಗಳ ಗೋಡೆಗಳ ಮೇಲೆ ಕೆತ್ತಲ್ಪಟ್ಟಿತು, ಬಿ. ಎಲ್. ರೈಸರು ೧೯೦೫ರಲ್ಲಿ ಅಚ್ಚುಹಾಕಿಸಿದ ಬೆಂಗಳೂರು ಮತ್ತು ಕೋಲಾರ ಜಿಲ್ಲೆಗಳ ಶಾಸನ ಸಂಪುಟಗಳಲ್ಲಿ ಅದನ್ನು ಓದಬಹುದು. ಅದರಲ್ಲಿ ಮೊಟ್ಟಮೊದಲು ಹೇಳುವುದು "ಹೆಸರ ಕುಂದಾಣಿ ರಾಜ್ಯ"ವನ್ನು. ಅನಂತರ ಮುರಸು ನಾಡು, ಕುವಳಾಲ ನಾಡು, ಕೈವಾರ ನಾಡು ಮೊದಲಾದುವು. ಮಕ್ಕಳೇ, ಕುವಳಾಲವೆಂದರೆ ಇಂದಿನ ಕೋಲಾರ. ಮುರಸು ಎಂಬ ಹೆಸರನ್ನು ಮೊರಸು ಒಕ್ಕಲಿಗರ ಹೆಸರಿನಲ್ಲಿ ನೀವು ಇಂದಿಗೂ ಕೇಳುತ್ತೀರಿ. ಕೋಲಾರ ಉಳಿದಿದೆ, ಕೈವಾರ ಉಳಿದಿದೆ. ಪಟ್ಟಿಯ ತಲೆಯಲ್ಲಿದ್ದ ಕುಂದಾಣಿ ಮಾತ್ರ ಭೂಪಟದಲ್ಲಿ ಹುಡುಕಬೇಕಾದ ಹೆಸರಾಗಿದೆ.

ಅದು ಎಲ್ಲಿತ್ತೆಂಬ ವಿಷಯದಲ್ಲಿಯೂ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿದ್ದುವು. ದೇವನಹಳ್ಳಿಯ ಬಳಿ ಕುಂದಾಣವೆಂಬ ಊರಿರುವುದರಿಂದ, ಅದೇ ರಾಮನಾಥನ ನೆಲೆಯೆಂದು ಹಿಂದೆ ಕೆಲವರು ಭಾವಿಸಿದ್ದರು. ಅಲ್ಲಿಯ ಜನರು ಇಂದಿಗೂ ಹಾಗೆಯೇ ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ನಮ್ಮ ಜಿಲ್ಲೆಯ ವೇಪನಹಳ್ಳಿಯ ಸೀಮೆಯಲ್ಲಿ, ಚಿನ್ನಕೊತ್ತೂರಿನ ಸುತ್ತ, ಕುಂದಾಣಿಯೆಂಬ ಹೆಸರು ನೆಲಕ್ಕೆ ಅಂಟಿಕೊಂಡಿದೆ. ಅಲ್ಲಿ ವೀರಗಲ್ಲುಗಳು ಗುಂಪುಗುಂಪಾಗಿ ನಿಂತಿವೆ, ಶಾಸನಗಳಿವೆ. ಕೃಷ್ಣಗಿರಿಯ ಸರಕಾರಿ ವಸ್ತುಸಂಗ್ರಹಾಲಯದವರೂ ಇತಿಹಾಸಾಸಕ್ತರಾದ ಸ್ಥಳೀಯರೂ ಬಿಸಿಲಿನಲ್ಲಿ ಅಲೆದು ಇವುಗಳನ್ನು ಗುರುತಿಸುತ್ತ ಬಂದಿದ್ದಾರೆ. ದೇವನಹಳ್ಳಿಯವರ ಅಭಿಮಾನಕ್ಕೆ ನೋವಾಗದಿರಲಿ. ನಮ್ಮ ಮನಸ್ಸು ಈ ಕಡೆಗೇ ಒಲಿದಿದೆ.

ಹೊಸೂರಿನಿಂದ ಹೆದ್ದಾರಿಯಲ್ಲಿ ಶೂಲಗಿರಿಯನ್ನು ದಾಟಿ, ಮುಂದೆ ಎಡಕ್ಕೆ ತಿರುಗಿ ವೇಪನಹಳ್ಳಿಯ ಕಡೆಗೆ ಹೋದೆವು. ಹೆದ್ದಾರಿಯ ಲಾರಿಗಳ ಸದ್ದು ಹಿಂದಾದಂತೆ ಮಾವಿನ ತೋಪುಗಳು, ರಾಗಿಯ ಹೊಲಗಳು, ಬೋಳುಬಂಡೆಯ ಗುಡ್ಡಗಳು ಕಾಣತೊಡಗಿದುವು. ಹುಡುಗರು ಕೋಟೆ, ಅರಮನೆ, ಸಿಂಹಾಸನಗಳನ್ನು ನಿರೀಕ್ಷಿಸುತ್ತಿದ್ದರು. ಕುರುಚಲು ಕಾಡಿನ ಅಂಚಿನಲ್ಲಿ ಬಸ್ಸು ನಿಂತಾಗ ಕಂಡದ್ದು ಕಳ್ಳಿ, ತಂಗಡಿ, ಲಂಟಾನದ ಪೊದೆಗಳು. "ಇಲ್ಲೇನೂ ಇಲ್ಲವಲ್ಲ ಸಾರ್" ಎಂದು ಒಬ್ಬಳು ಹುಡುಗಿ ನಿಟ್ಟುಸಿರುಬಿಟ್ಟಳು.

ಏನೂ ಇಲ್ಲವೆಂದು ಕಾಣುವ ಕಡೆ ಊರನ್ನು ಹುಡುಕುವುದಕ್ಕೆ ಒಂದು ಕ್ರಮವುಂಟು. ಅದನ್ನು ಕಲಿಸಿದವರು ನಾವಲ್ಲ. ಆ ಹಿಂದಿನ ಬೆಂಚಿನ ಹುಡುಗನ ಸೋದರಮಾವ. ಅವರು ಬೇಸಾಯಗಾರರು, ನಾಲ್ಕನೆಯ ತರಗತಿಯವರೆಗೆ ಓದಿದವರು. ಮೊದಲು ಮರಗಳನ್ನು ನೋಡಿರೆಂದರು. ಕಾಡಿನ ಮರಗಳ ನಡುವೆ ಹಳೆಯ ಹುಣಿಸೆಯೋ ಅರಳಿ ಬೇವುಗಳ ಜೋಡಿಯೋ ಕಂಡರೆ ಅಲ್ಲಿ ಒಂದು ಕಾಲಕ್ಕೆ ಮನುಷ್ಯರ ಕೈಯಾಡಿದೆ. ಅರಳಿಕಟ್ಟೆಯು ಕುಸಿದು ಹೋದರೂ ಬೇರುಗಳು ಕಟ್ಟೆಯ ಕಲ್ಲನ್ನು ಬಿಗಿದು ಹಿಡಿದಿರುತ್ತವೆ. ಅನಂತರ ನೀರು: ಗುಡ್ಡದ ಇಳಿಜಾರಿಗೆ ಅಡ್ಡವಾಗಿ ಉದ್ದಕ್ಕೆ ಮಲಗಿದ ದಿಣ್ಣೆಯು ಕೆರೆಯ ಏರಿಯಾಗಿರಬಹುದು. ಎರಡು ಕಲ್ಲುಕಂಬಗಳು ನೆಟ್ಟಗೆ ನಿಂತಿದ್ದರೆ ತೂಬು. ಹಾಸುಬಂಡೆಯ ಮೇಲೆ ಒರಳಿನಂತೆ ಗುಂಡಿಗಳಿದ್ದರೆ ಅಲ್ಲಿ ಹೆಂಗಸರು ಧಾನ್ಯ ಕುಟ್ಟಿದ್ದಾರೆ. ಬಂಡೆಯ ಅಂಚಿನಲ್ಲಿ ಸಾಲಾಗಿ ಚಿಕ್ಕ ಚಿಕ್ಕ ಉಳಿಯ ಗುರುತುಗಳಿದ್ದರೆ ಕಲ್ಲುಕುಟಿಗರು ಅಲ್ಲಿಂದ ಕಲ್ಲು ಎಬ್ಬಿಸಿದ್ದಾರೆ. ಆ ಕಲ್ಲು ಹೋದ ಕಡೆ ಗೋಡೆಯಿರಬೇಕು.

ಎಲ್ಲಕ್ಕಿಂತಲೂ ಹೆಚ್ಚಾಗಿ ಬೋಕಿ. ಮಡಕೆಯ ಚೂರಿಗೆ ಕುಂಟಾಬಿಲ್ಲೆಯಾಡುವ ನೀವೆಲ್ಲ ಬೋಕಿಯೆನ್ನುತ್ತೀರಲ್ಲವೇ? ಮರವು ಕೊಳೆಯುತ್ತದೆ, ಕಬ್ಬಿಣವು ತುಕ್ಕು ಹಿಡಿಯುತ್ತದೆ, ಮಣ್ಣಿನ ಗೋಡೆಯು ಮಳೆಗೆ ಕರಗುತ್ತದೆ. ಸುಟ್ಟ ಮಡಕೆಯ ಚೂರು ಮಾತ್ರ ಸಾವಿರಾರು ವರ್ಷ ಹಾಗೆಯೇ ಇರುತ್ತದೆ. ಉಳುಮೆಯಾದ ಹೊಲದಲ್ಲಿ ಮೊದಲ ಮಳೆ ಬಿದ್ದ ಮರುದಿನ ಹೋದರೆ ಅವು ತೊಳೆದಿಟ್ಟಂತೆ ಮೇಲೆ ಕಾಣುತ್ತವೆ. ನಿಟ್ಟುಸಿರುಬಿಟ್ಟಿದ್ದ ಆ ಹುಡುಗಿಯೇ ಅರ್ಧ ಗಂಟೆಯೊಳಗೆ ಮಡಕೆಯ ಕಂಠದ ಒಂದು ತುಂಡನ್ನು ಕಂಡುಹಿಡಿದಳು. ಅದರ ಅಂಚಿನಲ್ಲಿ ಕುಂಬಾರನು ಬೆರಳಿನಿಂದ ಒತ್ತಿದ ಅಲಂಕಾರವಿತ್ತು. ಅವಳು ತನ್ನ ಬೆರಳನ್ನು ಆ ಗುಳಿಗಳಲ್ಲಿಟ್ಟು ನೋಡಿದಳು, ಸರಿಹೊಂದಿತು. ಆಮೇಲೆ ಯಾರೂ ಏನೂ ಇಲ್ಲವೆಂದು ಹೇಳಲಿಲ್ಲ. ಮಧ್ಯಾಹ್ನದ ಚಿತ್ರಾನ್ನಕ್ಕೆ ಅವರನ್ನು ಕೂಗಿ ಕೂಗಿ ಕರೆಯಬೇಕಾಯಿತು.

ವೀರಗಲ್ಲುಗಳ ಮುಂದೆ ನಾವು ಬಹಳ ಹೊತ್ತು ನಿಂತೆವು. ತಮ್ಮಲ್ಲಿ ಅನೇಕರು ಇವನ್ನು ಹೊಲದ ಬದುಗಳಲ್ಲಿ ಕಂಡಿರುತ್ತೀರಿ. ಸಾಮಾನ್ಯವಾಗಿ ಕೆಳಗಿನ ಹಂತದಲ್ಲಿ ಕಾಳಗ, ನಡುವೆ ಸತ್ತವನನ್ನು ದೇವಕನ್ಯೆಯರು ಮೇಲಕ್ಕೊಯ್ಯುವುದು, ಮೇಲೆ ಅವನು ದೇವರ ಸನ್ನಿಧಿಯಲ್ಲಿ ಕುಳಿತಿರುವುದು. ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೋಗುವಾಗ ಅಡ್ಡಬಂದು ಸತ್ತವನಿಗೂ ಕಲ್ಲುಂಟು, ಅರಸನ ಪರವಾಗಿ ಸತ್ತವನಿಗೂ ಉಂಟು. ತಮಿಳಿನವರು ನಡುಗಲ್ ಎನ್ನುತ್ತಾರೆ. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಇಂಥ ಕಲ್ಲುಗಳನ್ನೇ ವೇಡಿಯಪ್ಪನೆಂದು ಕರೆದು ಪೂಜಿಸುತ್ತಾರೆ. ಸತ್ತವನ ಹೆಸರು ಮರೆತುಹೋಗಿದೆ. ಅವನಿಗೆ ಹಚ್ಚುವ ಎಣ್ಣೆ ನಿಂತಿಲ್ಲ.

ಇಲ್ಲಿ ನಮ್ಮ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಮಕ್ಕಳೊಡನೆ ಹೋಗುವುದಕ್ಕೆ ಮೊದಲು ದಾರಿಯನ್ನು ನೋಡಿಕೊಂಡು ಬರಲು ನಾವೊಬ್ಬರೇ ಹೋಗಿದ್ದೆವು. ಆಗ ಹುಣಿಸೆಯ ಮರದ ಬುಡದಲ್ಲಿ ಅಂಗೈಯಗಲದ ಒಂದು ಕಲ್ಲಿನ ಚೂರು ಬಿದ್ದಿತ್ತು. ಅದರ ಮೇಲೆ ಕುದುರೆಯ ಕಾಲಿನ ಕೆತ್ತನೆ. ಶಾಲೆಯ ಗಾಜಿನ ಬೀರುವಿನಲ್ಲಿ ಇಟ್ಟರೆ ಮಕ್ಕಳಿಗೆ ಉಪಯೋಗವಾದೀತೆಂದು ಚೀಲಕ್ಕೆ ಹಾಕಿಕೊಂಡು ಬಂದೆವು. "ಹೊಯ್ಸಳರ ಕಾಲ" ಎಂದು ಚೀಟಿ ಬರೆದು ಅಂಟಿಸಿಯೂ ಆಯಿತು. ಮಕ್ಕಳೊಡನೆ ಹೋದ ದಿನ ಅಲ್ಲಿ ಆಡು ಕಾಯುತ್ತಿದ್ದ ಮುದುಕಿಯೊಬ್ಬರು ನಮ್ಮನ್ನೇ ದಿಟ್ಟಿಸಿ ನೋಡಿ, ಎಲ್ಲರ ಮುಂದೆ, "ಸಾಮೀ, ಆವತ್ತು ಬಂದಿದ್ದೋರು ನೀವೇ ಅಲ್ವಾ? ಇಲ್ಲಿದ್ದ ಚೂರು ಏನಾಯ್ತು?" ಎಂದು ಕೇಳಿದರು. ನಾವು ತಲೆತಗ್ಗಿಸಿ ನಿಜ ಹೇಳಿದೆವು. "ಅದು ನಿಮಗ್ಯಾಕೆ? ವರ್ಸಕ್ಕೊಂದು ಕಿತ ಪೊಂಗಲ್ ಇಕ್ತೀವಿ ಇದಕ್ಕೆ. ತಂದು ಇಟ್ಟುಬಿಡಿ" ಎಂದರು. ಗದರಲಿಲ್ಲ. ಗದರಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಮುಂದಿನ ಭಾನುವಾರ, ನಾಲ್ವರು ಹುಡುಗರನ್ನು ಜೊತೆಗೆ ಕರೆದುಕೊಂಡು ಚೂರನ್ನು ಮರಳಿ ತೆಗೆದುಕೊಂಡು ಹೋದೆವು. ಮರದ ಬಳಿ ಅರ್ಧ ಮಣ್ಣಿನಲ್ಲಿ ಹೂತಿದ್ದ, ಕೆಳಮೂಲೆ ಮುರಿದಿದ್ದ ಒಂದು ವೀರಗಲ್ಲಿತ್ತು. ಚೂರನ್ನು ಆ ಮೂಲೆಗೆ ಹಿಡಿದಾಗ ಗೆರೆಗೆ ಗೆರೆ ಕೂಡಿತು. ಅದುವರೆಗೆ ಅಸ್ಪಷ್ಟವಾಗಿದ್ದ ಆಕೃತಿಗೆ ಕಾಲು ಬಂದು, ವೀರನು ಕುದುರೆಯ ಮೇಲೆ ಕುಳಿತವನೆಂಬುದು ಹುಡುಗರಿಗೆ ಕಂಡಿತು. ಬೀರುವಿನಲ್ಲಿದ್ದಾಗ ಅದು ಒಂದು ಕಲ್ಲಿನ ಚೂರು. ಅಲ್ಲಿ ಅದು ಒಬ್ಬ ಮನುಷ್ಯನ ವೃತ್ತಾಂತದ ಭಾಗ. ಹಳೆಯ ವಸ್ತುಗಳನ್ನು ಸ್ಥಳದಿಂದ ಎತ್ತಬಾರದೆಂದು ಕಾನೂನು ಇರುವುದು ನಮಗೆ ಗೊತ್ತಿತ್ತು. ಏಕೆ ಎತ್ತಬಾರದೆಂಬುದು ಆ ದಿನ ಗೊತ್ತಾಯಿತು. ಬೀರುವಿನಲ್ಲಿ ಚೀಟಿಯೊಂದೇ ಈಗ ಉಳಿದಿದೆ. ಅದನ್ನು ತೆಗೆದಿಲ್ಲ.

ರಾಜಧಾನಿಯೊಂದು ಹೀಗೆ ಕಾಡಾಗುವುದು ಹೇಗೆ ಎಂದು ಹುಡುಗರು ಕೇಳಿದರು. ಬೆಂಕಿ, ಭೂಕಂಪ, ಶಾಪ ಎಂದು ಊಹಿಸಿದರು. ಬಹುಮಟ್ಟಿಗೆ ಅಂಥದೇನೂ ಬೇಕಾಗುವುದಿಲ್ಲ. ಅರಸನಿರುವ ಊರಿನಲ್ಲಿ ಸೈನಿಕರಿರುತ್ತಾರೆ. ಸೈನಿಕರಿಗೆ ಕಮ್ಮಾರರು, ಕುದುರೆಯ ವ್ಯಾಪಾರಿಗಳು, ಎಣ್ಣೆಯ ಗಾಣದವರು, ನೇಕಾರರು ಬೇಕು. ಎರಡು ರಾಜ್ಯ ಒಂದಾದ ಮೇಲೆ ಕುಂದಾಣಿಯಲ್ಲಿ ಅರಸನಿಗೆ ಕೆಲಸವಿಲ್ಲವಾಯಿತು. ಸಂಬಳ ಬರುವುದು ನಿಂತ ಕಡೆ ಸಂತೆ ಕೂಡುವುದಿಲ್ಲ. ಮೇಲಾಗಿ ಕಾಲವೂ ಕೆಟ್ಟಿತು: ೧೩೧೧ರಲ್ಲಿ ಮಲ್ಲಿಕ್ ಕಾಫರನು ದೋರಸಮುದ್ರದ ಮೇಲೆ ದಂಡೆತ್ತಿ ಬಂದನು, ಬಲ್ಲಾಳನು ತಿರುವಣ್ಣಾಮಲೆಯನ್ನು ನೆಲೆಮಾಡಿಕೊಂಡು ಮಧುರೆಯ ಸುಲ್ತಾನರೊಡನೆ ಹೋರಾಡಿ, ೧೩೪೨–೪೩ರ ಹೊತ್ತಿಗೆ ಅಂತ್ಯ ಕಂಡನು. ದೋರಸಮುದ್ರವೇ ಹಳೇಬೀಡಾಯಿತು. ಅಲ್ಲಿ ದೊಡ್ಡ ದೇವಾಲಯವಿದ್ದುದರಿಂದ ನಾವು ಹೋಗಿ ನೋಡುತ್ತೇವೆ.

ಸಾಮಾನ್ಯ ಹಳ್ಳಿಗಳು ಬರಿದಾದ ಕಥೆ ಇನ್ನೂ ಹತ್ತಿರದ್ದು. ೧೮೭೬–೭೮ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನವೊಂದರಲ್ಲೇ ಸುಮಾರು ೧೦ ಲಕ್ಷ ಜನ, ಐವರಲ್ಲಿ ಒಬ್ಬರಂತೆ, ಗತಿಸಿದರು. ಸೇಲಂ ಸೀಮೆಗೂ ಆ ಕ್ಷಾಮ ತಟ್ಟಿತು. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಕಂದಾಯದ ಲೆಕ್ಕಪುಸ್ತಕಗಳಲ್ಲಿ ಜನವಸತಿಯಿಲ್ಲದ ಊರನ್ನು ಬೇಚರಾಕ್ ಗ್ರಾಮವೆಂದು ಬರೆಯುವುದುಂಟು. ಈ ಮಾತು ಪಾರಸಿಯಿಂದ ಬಂದುದು. ದೀಪವಿಲ್ಲದ್ದು ಎಂದು ಅದರ ಅರ್ಥ. ಯಾವ ಗುಮಾಸ್ತನು ಮೊದಲು ಆ ಮಾತನ್ನು ಲೆಕ್ಕದಲ್ಲಿ ಬರೆದನೋ, ಅವನು ಸಂಜೆಯ ಹೊತ್ತು ಅಂಥ ಊರೊಂದರ ಪಕ್ಕದಲ್ಲಿ ಹಾದುಹೋದವನೇ ಇರಬೇಕೆಂದು ನಮಗೆ ತೋರುತ್ತದೆ.

ಕಾಡು ಮುಚ್ಚಿದ ಪಟ್ಟಣಗಳು ಬೇರೆಡೆಯೂ ಉಂಟು. ಶರಾವತಿಯ ದಡದ ಗೇರುಸೊಪ್ಪೆಯು ಕರಿಮೆಣಸಿನ ವ್ಯಾಪಾರದಿಂದ ಮೆರೆದ ನಗರ. ಅದರ ರಾಣಿ ಚೆನ್ನಭೈರಾದೇವಿಯನ್ನು ಪೋರ್ತುಗೀಸರು ಮೆಣಸಿನ ರಾಣಿಯೆಂದೇ ಕರೆದರು. ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆ ೧೬೨೩ರಲ್ಲಿ ಇಕ್ಕೇರಿಗೆ ಹೋಗುವ ದಾರಿಯಲ್ಲಿ ಅಲ್ಲಿಗೆ ಬಂದಾಗ ಅರಮನೆಯ ಮೇಲೆ ಆಗಲೇ ಮರಗಳು ಬೆಳೆದಿದ್ದುವು. ಇಂದು ಅಲ್ಲಿ ಅಡವಿಯ ನಡುವೆ ಚತುರ್ಮುಖ ಬಸದಿಯು ನಾಲ್ಕು ದಿಕ್ಕಿಗೂ ಬಾಗಿಲು ತೆರೆದು ನಿಂತಿದೆ. ಕಾಂಬೋಜದ ಅಂಕೋರನ್ನು ೧೮೬೦ರಲ್ಲಿ ಫ್ರಾನ್ಸಿನ ಆನ್ರಿ ಮೂಓ ಕಂಡುಹಿಡಿದನೆಂದು ನಾವು ಓದಿದ್ದೇವೆ. ಆದರೆ ಅವನು ಹೋದಾಗ ಅಲ್ಲಿಯ ದೇವಾಲಯದಲ್ಲಿ ಬೌದ್ಧ ಭಿಕ್ಷುಗಳು ವಾಸವಾಗಿದ್ದರು. ಅವರಿಗೆ ಅದು ಕಳೆದುಹೋಗಿರಲಿಲ್ಲ. ಕುಂದಾಣಿಯೂ ಆಡು ಕಾಯುವ ಆ ಅಜ್ಜಿಗೆ ಕಳೆದುಹೋಗಿರಲಿಲ್ಲ; ಕಳೆದುಹೋಗಿದ್ದುದು ನಮ್ಮಂಥ ಪದವೀಧರರಿಗೆ.

ನಮ್ಮ ನೆಲದ ಪ್ರಾಚೀನತೆಯು ಈ ಅರಸರಿಂದ ಆರಂಭವಾದುದೂ ಅಲ್ಲ. ಕೃಷ್ಣಗಿರಿ ಜಿಲ್ಲೆಯ ಮಯಿಲಾಡುಂಪಾರೈ ಎಂಬಲ್ಲಿ ನಡೆದ ಉತ್ಖನನದಲ್ಲಿ ಕಬ್ಬಿಣದ ಬಳಕೆಯು ಕ್ರಿ. ಪೂ. ೨೧೭೨ರಷ್ಟು ಹಿಂದಿನದೆಂದು ಕಂಡುಬಂದಿರುವುದಾಗಿ ತಮಿಳುನಾಡು ಸರಕಾರವು ೨೦೨೨ರಲ್ಲಿ ಪ್ರಕಟಿಸಿತು. ವಿಜ್ಞಾನದ ಉಪಾಧ್ಯಾಯರು ಇದ್ದಿಲಿನಿಂದ ಕಾಲವನ್ನು ಅಳೆಯುವ ರೀತಿಯನ್ನು ಮುಂದಿನ ತಿಂಗಳು ವಿವರಿಸಲು ಒಪ್ಪಿದ್ದಾರೆ.

ಇನ್ನೊಂದು ಸಂಗತಿಯನ್ನು ಪೋಷಕರಲ್ಲಿ ವಿಶೇಷವಾಗಿ ಅರಿಕೆ ಮಾಡಬೇಕಾಗಿದೆ. ಹೊಯ್ಸಳರು ಕನ್ನಡದ ಅರಸರು. ಆದರೆ ರಾಮನಾಥನ ಶಾಸನಗಳಲ್ಲಿ ಬಹುಪಾಲು, ಬೆಂಗಳೂರು ಕೋಲಾರಗಳ ಕಡೆಯವೂ ಸಹ, ತಮಿಳಿನಲ್ಲಿವೆ. ನಮ್ಮ ಹುಡುಗರಲ್ಲಿ ಇಬ್ಬರಿಗೆ ಇದನ್ನು ಕೇಳಿ ಸ್ವಲ್ಪ ಮುಖ ಬಾಡಿತು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು ಎಂದು ಬದುಕುವ ನಮ್ಮ ಮಕ್ಕಳಿಗೆ, ಯಾವ ಭಾಷೆ ಯಾರದು ಎಂಬ ಪ್ರಶ್ನೆ ಬೇಗ ಹುಟ್ಟುತ್ತದೆ. ಆ ಕಲ್ಲಿನ ಮುಂದೆ ನಾವು ಕಂಡದ್ದಿಷ್ಟು: ಕನ್ನಡ ಬಲ್ಲ ಹುಡುಗನು ಅರಸನ ಬಿರುದನ್ನು ಗುರುತಿಸಿದನು, ಪಾಠಶಾಲೆಯಲ್ಲಿ ತಮಿಳನ್ನು ಚೆನ್ನಾಗಿ ಕಲಿತ ಹುಡುಗಿಯೊಬ್ಬಳು, ಹಳೆಯ ಲಿಪಿಯಾದರೂ, ನಾಲ್ಕಾರು ಅಕ್ಷರಗಳನ್ನು ಕೂಡಿಸಿದಳು, ಅಜ್ಜಿಯು ಅರ್ಧ ತೆಲುಗಿನಲ್ಲಿ ಆ ಸ್ಥಳದ ಹೆಸರು ಹೇಳಿದರು. ಒಬ್ಬರಿಂದಲೇ ಆಗುವ ಕೆಲಸವಾಗಿರಲಿಲ್ಲ. ಒಂದನೆಯ ತರಗತಿಗೆ ಸೇರುವ ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುವುದು ವರದಿಯಲ್ಲಿ ಬಂದಿದೆ. ಅದನ್ನು ಇಲ್ಲಿ ಮತ್ತೆ ಎತ್ತುವುದಿಲ್ಲ. ಬೇಚರಾಕ್ ಎಂಬ ಮಾತಿನ ಅರ್ಥವನ್ನು ಹೇಳಿದ ಮೇಲೆ ಹೆಚ್ಚು ಹೇಳಲು ಮನಸ್ಸಾಗುತ್ತಿಲ್ಲ.

ಪ್ರಶ್ನೆ ಕೇಳಿದ ಪೋಷಕ ಮಹನೀಯರಿಗೆ ಒಂದು ಸುದ್ದಿ. ಅವರ ಮಗನು ಈಗ ರಜೆಯ ದಿನಗಳಲ್ಲಿ ತನ್ನ ಅಜ್ಜನ ಹೊಲದ ಬದುವಿನಲ್ಲಿ ಒಗೆಯುವ ಕಲ್ಲಾಗಿದ್ದ ಒಂದು ವೀರಗಲ್ಲನ್ನು, ಮನೆಯವರನ್ನೊಪ್ಪಿಸಿ, ಎತ್ತಿ ನಿಲ್ಲಿಸಿದ್ದಾನೆ. ಅದರ ಚಿತ್ರವನ್ನು ಬರೆದು, ಅಳತೆ ತೆಗೆದು, ನಮಗೆ ತಂದುಕೊಟ್ಟಿದ್ದಾನೆ. ತಂದೆಯವರಿಗೆ ಇನ್ನೂ ಹೇಳಿಲ್ಲವೆಂದೂ, ಒಗೆಯಲು ಬೇರೆ ಕಲ್ಲು ತರಿಸಬೇಕಾಗಿರುವುದೆಂದೂ ತಿಳಿಸಿದನು. ಆ ಖರ್ಚು ಅವರ ಮೇಲೆ ಬೀಳುವುದಕ್ಕಾಗಿ ನಾವು ಕ್ಷಮೆ ಕೋರುತ್ತೇವೆ.

ಬರುವ ಮಾಘಮಾಸದಲ್ಲಿ, ಎಲೆಯುದುರಿ ಪೊದೆಗಳು ತೆಳುವಾಗಿ ನೆಲ ಕಾಣುವ ಕಾಲದಲ್ಲಿ, ಮತ್ತೆ ಹೊರಡುವ ವಿಚಾರವಿದೆ. ಈ ಬಾರಿ ಪೋಷಕರೂ ಬರಬಹುದು. ಹೆಸರು ಕೊಡಬೇಕಾದ ಪುಸ್ತಕವನ್ನು ಬಾಗಿಲ ಬಳಿ ಇಡಲಾಗಿದೆ. ಕುಡಿಯುವ ನೀರು, ಬುತ್ತಿ, ಮುಳ್ಳು ತಾಗದಂತಹ ಪಾದರಕ್ಷೆ, ಒಂದು ನೋಟುಪುಸ್ತಕ, ಸೀಸದ ಕಡ್ಡಿ ತರತಕ್ಕದ್ದು. ಅಜ್ಜಿಗೆ ಕೊಡಲು ಒಂದು ಸೀಸೆ ಎಳ್ಳೆಣ್ಣೆಯನ್ನು ನಾವು ತರುತ್ತೇವೆ. ಖಾಲಿ ಕೈಚೀಲವನ್ನು ಯಾರೂ ತರಬಾರದಾಗಿ ಪ್ರಾರ್ಥನೆ.